ಕರೆಂಟ್ ಇದ್ದಾಗ ಕೆಲಸ

ವಿಜಯಪುರ ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಕೆಲವರು ಎಮ್ಮೆಗೆ ಕಣಿಕೆ ಹಾಕುತ್ತಿರಬಹುದು, ಕೆಲವರದು ಎರಡನೇ ಚಹಾ ನಡೆದಿರಬಹುದು. ಕಂಪ್ಯೂಟರ್ ಅಂದ ಕೂಡಲೇ ರೇಡಿಯೋ ಬಂದ್ ಮಾಡಬೇಡಿ. ನಾನು ಹೇಳುವುದು ಒಂದೇ ಮಾತು. ಕರೆಂಟ್ ಇದ್ದಾಗ ಕೆಲಸ ಮಾಡಿ. ಕಂಪ್ಯೂಟರ್ ಸಂಶೋಧನೆಯಲ್ಲಿ ಮೂವತ್ತು ವರ್ಷ ಕಳೆದು ನಾನು ಕಲಿತದ್ದು ಇಷ್ಟೇ. ಅದನ್ನೂ ನಮ್ಮ ಕಾಕಾ ನನಗಿಂತ ಮೊದಲೇ ಕಲಿತಿದ್ದರು.

ಕಾಕಾನದು ಇಂಡಿ ತಾಲ್ಲೂಕಿನಲ್ಲಿ ನಿಂಬೆ ತೋಟ. ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೆ ಅಂತ ಆಗ ಯಾರಿಗೂ ಗೊತ್ತಿರುತ್ತಿರಲಿಲ್ಲ. ಜಾಸ್ತಿ ಬರುತ್ತಿದ್ದದ್ದು ನಡುರಾತ್ರಿ. ಕಾಕಾ ಪಂಪಿನ ಕೋಣೆ ಮುಂದೆ ಒಂದು ಬಲ್ಬ್ ಜೋತುಬಿಟ್ಟು, ಅದರ ಕೆಳಗೇ ಹೊರಸು ಹಾಕಿಕೊಂಡು ಮಲಗುತ್ತಿದ್ದರು. ಬಲ್ಬ್ ಹತ್ತಿದರೆ ಕಣ್ಣಿಗೆ ಬೆಳಕು ಬಡಿದು ಎಚ್ಚರವಾಗಬೇಕು. ಏಳನೇ ಇಯತ್ತೆಯ ಸೂಟಿಯಲ್ಲಿ ನಾನೂ ಅಲ್ಲೇ ಮಲಗುತ್ತಿದ್ದೆ. "ಲೇ ತಮ್ಮಾ, ಏಳೋ, ಲೈಟ್ ಬಂದಾವು" ಅಂದರೆ ಎದ್ದು ಸ್ಟಾರ್ಟರಿನ ಹಸಿರು ಬಟನ್ ಒತ್ತುವುದು ನನ್ನ ಕೆಲಸ. ಒತ್ತುವ ಮೊದಲು ಡಬ್ಬಿಗೆ ಕಟ್ಟಿಗೆಯಿಂದ ಎರಡು ಬಡಿಯಬೇಕು. ಒಳಗೊಂದು ಹಲ್ಲಿ ಸಂಸಾರ ಹೂಡಿತ್ತು.

ಒಂದು ರಾತ್ರಿ ಬಲ್ಬೇ ಸುಟ್ಟು ಹೋಯಿತು. ಲೈಟ್ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಬೆಳಗ್ಗೆ ನೋಡಿದರೆ ಪಕ್ಕದ ಹೊಲವೆಲ್ಲ ತೊಯ್ದಿದೆ, ನಮ್ಮ ಗಿಡಗಳ ಬುಡ ಬಿರುಕು ಬಿಟ್ಟಿದೆ. ಕಾಕಾ ಬಲ್ಬಿಗೆ ಬೈದರು, ನನಗೂ ಬೈದರು. ಮುಂದಿನ ವಾರ ಸಾಲ ತಂದು ಹೊಲದ ಎತ್ತರದ ಮೂಲೆಯಲ್ಲಿ ಹೊಂಡ ತೋಡಿಸಿದರು. ಪಂಪಿಗೆ ಆಟೋ ಸ್ವಿಚ್ ಹಾಕಿಸಿದರು. ಲೈಟ್ ಯಾವಾಗಲಾದರೂ ಬರಲಿ, ಪಂಪ್ ತಾನೇ ಶುರುವಾಗಿ ಹೊಂಡ ತುಂಬುತ್ತಿತ್ತು. ಬೆಳಗ್ಗೆ ಚಹಾ ಕುಡಿದು ಬಂದು ಕಾಲುವೆ ಬಾಯಿ ತೆಗೆದರೆ ನೀರು ಇಳಿಜಾರಿಗೆ ತಾನಾಗಿ ಹರಿಯುತ್ತಿತ್ತು. ಕಾಕಾ ಕರೆಂಟನ್ನು ಕೂಡಿಡಲಿಲ್ಲ. ಆಗಿ ಮುಗಿದ ಕೆಲಸವನ್ನು ಕೂಡಿಟ್ಟರು.

ಆಮೇಲೆ ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ ಸಂಶೋಧನೆಗೆ ಸೇರಿದೆ. ಮೊದಲ ಹತ್ತು ವರ್ಷ ಒಂದೇ ಹುಚ್ಚು: ಕಂಪ್ಯೂಟರ್ ಇನ್ನೂ ಜೋರಾಗಿ ಓಡಬೇಕು. ಕರೆಂಟಿನ ಬಿಲ್ಲು ಯಾರೋ ಕಟ್ಟುತ್ತಿದ್ದರು, ಅಲ್ವಾ? ಒಂದು ದಿನ ಲ್ಯಾಬಿನ ಸರ್ವರಿಗೆ, ಅಂದರೆ ಬೇರೆ ಕಂಪ್ಯೂಟರ್‌ಗಳಿಗೆ ಕೆಲಸ ಮಾಡಿಕೊಡುವ ದೊಡ್ಡ ಕಂಪ್ಯೂಟರಿಗೆ, ಕರೆಂಟ್ ಅಳೆಯುವ ವಾಟ್ ಮೀಟರ್ ಹಚ್ಚಿದೆ. ಕೆಲಸವನ್ನೆಲ್ಲ ನಿಲ್ಲಿಸಿದರೂ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿಯಲೊಲ್ಲದು. ಮೀಟರೇ ಕೆಟ್ಟಿದೆ ಅಂತ ಬೇರೆ ತಂದೆ. ಅದೂ ಅದನ್ನೇ ತೋರಿಸಿತು. ಗೂಗಲ್‌ನ ಲೂಯಿಸ್ ಬರೋಸೊ ಮತ್ತು ಉರ್ಸ್ ಹೋಲ್ಜ್‌ಲೆ 2007ರಲ್ಲಿ ಇದನ್ನೇ ಬರೆದರು. ಸರ್ವರ್ ಸುಮ್ನೆ ಕೂತಾಗಲೂ ಪೂರ್ತಿ ದುಡಿಯುವಾಗಿನ ಅರ್ಧದಷ್ಟು ಕರೆಂಟ್ ತಿನ್ನುತ್ತದೆ. ಹಾಗಾದರೆ ದಿನವಿಡೀ ಚೂರುಚೂರು ಕೆಲಸ ಕೊಟ್ಟು ಅದನ್ನು ಎಬ್ಬಿಸಿ ಕೂರಿಸುವುದು ಯಾಕೆ? ಕೆಲಸ ಕೂಡಿಹಾಕಿ, ಕರೆಂಟ್ ಇದ್ದಾಗ ಒಮ್ಮೆಲೇ ಮುಗಿಸಿ, ಯಂತ್ರ ಬಂದ್ ಮಾಡಿ.

ಇದೇನು ಸಣ್ಣ ಲೆಕ್ಕ ಅಲ್ಲ. ಇಂಥ ಸರ್ವರ್‌ಗಳನ್ನು ಸಾಲಾಗಿ ಇಟ್ಟ ಕಟ್ಟಡಕ್ಕೆ ಡೇಟಾ ಸೆಂಟರ್ ಅಂತಾರೆ. 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ಕರೆಂಟ್ ಸುಮಾರು 41,500 ಕೋಟಿ ಯೂನಿಟ್. ನಮ್ಮ ಕಡೆ ನೋಡಿ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟಿನದು. ಮಧ್ಯಾಹ್ನ ಜೋರು, ಸಂಜೆ ಏಳಕ್ಕೆ ಸೊನ್ನೆ. ಆಗ ಕೂಡಗಿಯಲ್ಲಿ ಕಲ್ಲಿದ್ದಲು ಸುಡಬೇಕು. ಅದು 2,400 ಮೆಗಾವಾಟಿನ ಸ್ಥಾವರ. ಆಲಮಟ್ಟಿಯ ನೀರಿನ ಕರೆಂಟ್ 290 ಮಾತ್ರ. ನೀವು ನಿನ್ನೆ ಮದುವೆಯಲ್ಲಿ ತೆಗೆದ ಮುನ್ನೂರು ಫೋಟೋ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಜೋಡಣೆ ಆಗಬೇಕು. ರಾತ್ರಿಯೇ ಯಾಕೆ ಆಗಬೇಕು? ಬಿಸಿಲಿಗೆ ಕಾಯಬಹುದು. ನೀವು ಅಂಗಡಿಯಲ್ಲಿ ಫೋನಿನಿಂದ ಕಳಿಸಿದ ಹಣ ಕಾಯಲಿಕ್ಕಾಗದು, ನಿಜ. ಆದರೆ ಕಾಯುವಂಥ ಕೆಲಸ ರಾಶಿ ಬಿದ್ದಿದೆ. ಯಾವುದು ಕಾಯಬಹುದು ಅಂತ ಯಂತ್ರಕ್ಕೆ ಹೇಳಿಕೊಡುವುದೇ ನನ್ನ ಸಂಶೋಧನೆ.

2020ರಲ್ಲಿ ಗೂಗಲ್ ತನ್ನ ಡೇಟಾ ಸೆಂಟರ್‌ಗಳಲ್ಲಿ ಇದನ್ನು ಶುರು ಮಾಡಿರುವುದಾಗಿ ಹೇಳಿತು. ಬಿಸಿಲು, ಗಾಳಿಯ ಕರೆಂಟ್ ಜಾಸ್ತಿ ಇರುವ ಹೊತ್ತಿಗೆ ಕೆಲಸ ಸರಿಸುವುದು. ಊರಿಗೆ ಹೋದಾಗ ಕಾಕಾನಿಗೆ ಸಂಭ್ರಮದಿಂದ ಹೇಳಿದೆ. ಅವರು ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದರು. "ಅವರ ಹೊಂಡ ಎಷ್ಟು ದೊಡ್ಡದೈತಿ?" ಅಂದರು. ಪ್ರಬಂಧಗಳಲ್ಲಿ ನಾವು ಹತ್ತು ಪುಟ ಬರೆಯುವುದು ಈ ಪ್ರಶ್ನೆಯ ಬಗ್ಗೆಯೇ.

ಹಾಳೆಯಲ್ಲಿ ಇನ್ನೂ ಮೂರು ವಿಷಯ ಬರೆದುಕೊಂಡಿದ್ದೆ. ಸರ್ವರ್ ತಂಪು ಮಾಡುವುದು, ಬ್ಯಾಟರಿ, ಹಳೇ ಕಂಪ್ಯೂಟರಿನ ಕಸ. ಕಾಕಾನೇ ಎಲ್ಲ ಸಮಯ ತಿಂದರು. ಬ್ಯಾಟರಿ ಬಗ್ಗೆ ಮಾತ್ರ ಒಂದು ಮಾತು. ಬಿಸಿಲಿನ ಕರೆಂಟನ್ನು ಬ್ಯಾಟರಿಯಲ್ಲೇ ಕೂಡಿಡಬಾರದೇ ಅಂತ ಎಲ್ಲರೂ ಕೇಳುತ್ತಾರೆ, ನನಗೂ ಸಾಕಾಗಿದೆ. ಬ್ಯಾಟರಿಗೆ ದುಡ್ಡು ಬೇಕು, ಕಾಯುವುದಕ್ಕೆ ಬೇಡ. ಮನೆ ಮೇಲೆ ಸೋಲಾರ್ ಹಾಕಿಸಿದವರು ನಾಳೆ ಹಿಟ್ಟಿನ ಗಿರಣಿ, ನೀರಿನ ಮೋಟರ್ ಎರಡನ್ನೂ ಹನ್ನೊಂದರಿಂದ ಮೂರರೊಳಗೆ ನಡೆಸಿ ನೋಡಿ. ಮೀಟರ್ ಓದಿ ಒಂದು ಚೀಟಿಯಲ್ಲಿ ಬರೆದಿಡಿ. ನಮಸ್ಕಾರ.