ಚರಂಡಿಗೆ ಭೂಮಿಪೂಜೆ ಯಾಕಿಲ್ಲ?

ಕೇಳುಗರಿಗೆ ನಮಸ್ಕಾರ.

ಕೊಡಗಿನ ರಸ್ತೆ ಹಾಳಾಗುವುದು ಮೇಲಿನಿಂದಲ್ಲ, ಪಕ್ಕದಿಂದ. ಬರೆಯಿಂದ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ದಿಣ್ಣೆಯಿಂದ, ಇಳಿದ ನೀರಿಗೆ ದಾರಿ ಸಿಗದಿದ್ದರೆ ಅದು ಡಾಂಬರಿನ ಅಂಚು ಕೊರೆಯುತ್ತದೆ. ಜುಲೈಯಲ್ಲಿ ಅಂಚು ಹೋಗುತ್ತದೆ, ಆಗಸ್ಟಿಗೆ ಅರ್ಧ ರಸ್ತೆ. ಇದು ಎಂಜಿನಿಯರಿಗೂ ಗೊತ್ತು, ತೋಟದ ಲೆಕ್ಕ ಬರೆಯುವ ರೈಟರಿಗೂ ಗೊತ್ತು. ಆದರೂ ಕಾಂಕ್ರೀಟು ಬೀಳುತ್ತಲೇ ಇರುತ್ತದೆ. ಚರಂಡಿ, ಮೋರಿ ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತವೆ. ಹಣ ಇಲ್ಲ ಅನ್ನುವುದು ಅರ್ಧ ಉತ್ತರ. ಇನ್ನರ್ಧ ರಾಜಕೀಯ.

ಮೊದಲು ಪಂಚಾಯಿತಿಯ ಕೈಗೆ ಏನು ಬರುತ್ತದೆ ನೋಡೋಣ. ಮನೆ ತೆರಿಗೆ ಇದೆ. ಪಂಚಾಯಿತಿ ಕಟ್ಟಡಕ್ಕೆ ತೆರಿಗೆ ಹಾಕಬಹುದು, ಕೃಷಿ ಜಮೀನಿಗೆ ಹಾಕುವಂತಿಲ್ಲ. ಹಾಗಾಗಿ ನೂರಾರು ಎಕರೆ ಕಾಫಿ ತೋಟ ಇರುವ ಊರಿನಲ್ಲೂ ಲೆಕ್ಕಕ್ಕೆ ಸಿಗುವುದು ಮನೆ, ಅಂಗಡಿ, ಹೋಂಸ್ಟೇ, ರೆಸಾರ್ಟು ಇಷ್ಟೇ. ಅದನ್ನಾದರೂ ಏರಿಸೋಣ ಅಂದರೆ, ಸದಸ್ಯನೂ ಅದೇ ಊರಿನವನು. ಮುಂದಿನ ಸಲ ಅದೇ ಮನೆಗಳ ಅಂಗಳದಲ್ಲಿ ನಿಂತು ಮತ ಕೇಳಬೇಕು ಅಲ್ವಾ? ರಾಜ್ಯದಿಂದ ಬರುವ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ಬೀದಿ ದೀಪ ಮತ್ತು ನೀರಿನ ಪಂಪಿನ ಕರೆಂಟು ಬಿಲ್ಲಿಗೇ ಮುಗಿಯುತ್ತದೆ. ಇನ್ನು ಕೇಂದ್ರದ ಹಣ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟರು. ಉಳಿದ ಶೇ 40ರಲ್ಲಿ ಊರು ತನಗೆ ಬೇಕಾದ್ದನ್ನು ಮಾಡಿಕೊಳ್ಳಬಹುದಿತ್ತು. ಸಂಬಳಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ.

ಆ ಶೇ 40 ಏನಾಗುತ್ತಿತ್ತು? ಕ್ರಿಯಾ ಯೋಜನೆಯ ಸಭೆಗೆ ಬಂದವರಿಗೆ ಗೊತ್ತು. ಸದಸ್ಯರಿಗೆ ಸಮನಾಗಿ ಹಂಚಿಕೆಯಾಗುತ್ತಿತ್ತು. ಒಬ್ಬೊಬ್ಬರಿಗೆ ಒಂದೆರಡು ಲಕ್ಷ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಕಡೆ ಅಂತ ಊರಿಗೆಲ್ಲ ತಿಳಿದಿರುತ್ತದೆ. ಜಗಳ ಬೇಡ ಅಂತ ಸಮಪಾಲು. ಒಂದೆರಡು ಲಕ್ಷದಲ್ಲಿ ಬರೆಗೆ ತಡೆಗೋಡೆ ಏಳುವುದಿಲ್ಲ. ಮೂವತ್ತು ನಲವತ್ತು ಮೀಟರ್ ಕಾಂಕ್ರೀಟು ಬೀಳುತ್ತದೆ, ಒಂದು ಫಲಕ ನಿಲ್ಲುತ್ತದೆ. ಫಲಕ ದಾಟಿದರೆ ಮತ್ತೆ ಕೆಸರು. ಇದನ್ನು ಭ್ರಷ್ಟಾಚಾರ ಅಂತ ಕರೆಯಲು ನನಗೆ ಮನಸ್ಸಿಲ್ಲ. ಪ್ರತಿಯೊಬ್ಬರೂ ತಮ್ಮ ಜನಕ್ಕೆ ಏನಾದರೂ ತೋರಿಸಬೇಕು, ಅಷ್ಟೇ.

ಈ ಹಣವೆಲ್ಲ ಸೂತ್ರದ ಪ್ರಕಾರ ಬರುವಂಥದ್ದು. ಸೂತ್ರದಲ್ಲಿ ಜನಸಂಖ್ಯೆಗೇ ತೂಕ ಜಾಸ್ತಿ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519, ರಾಜ್ಯದಲ್ಲೇ ಅತಿ ಕಡಿಮೆ. ಅಷ್ಟು ಜನ 4,102 ಚದರ ಕಿಲೋಮೀಟರಿನಲ್ಲಿ ಚದುರಿದ್ದಾರೆ. ಒಂದು ಐನ್‌ಮನೆಗೂ, ಅಂದರೆ ಕೊಡವ ಕುಟುಂಬದ ಮೂಲ ಮನೆಗೂ, ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಕೆಲವು ಕಡೆ ಆನೆ ದಾರಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲುಸೀಮೆಯ ಜನವಸತಿಗೆ 500 ಜನ ಇರಬೇಕು, ಗುಡ್ಡಗಾಡು ರಾಜ್ಯಗಳಲ್ಲಿ 250 ಸಾಕು ಅಂದರು. ನಮ್ಮದು ಬೆಟ್ಟದ ಜಿಲ್ಲೆ, ಆದರೆ ಗುಡ್ಡಗಾಡು ರಾಜ್ಯದಲ್ಲಿಲ್ಲ. ಹಾಗಾಗಿ ಬಯಲುಸೀಮೆಯ ಅಳತೆಯೇ ನಮಗೂ.

ಸೂತ್ರದಲ್ಲಿ ಸಿಗದ್ದನ್ನು ಜನ ಪತ್ರದಲ್ಲಿ ಹುಡುಕುತ್ತಾರೆ. ಶಾಸಕರ ಶಿಫಾರಸು ಪತ್ರ. ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಅದಕ್ಕಿಂತ ದೊಡ್ಡದು ಇಲಾಖೆಗಳ ಮೂಲಕ ಬರುವ ವಿಶೇಷ ಅನುದಾನ. ಅದಕ್ಕೆ ಸೂತ್ರ ಇಲ್ಲ. ಸರ್ಕಾರದಲ್ಲಿ ಎಷ್ಟು ಬಲ ಇದೆ, ಶಾಸಕರು ಆಳುವ ಪಕ್ಷದವರಾ ಅಲ್ಲವಾ, ಮಂತ್ರಿಗಳ ಬಾಗಿಲು ಎಷ್ಟು ಸಲ ತಟ್ಟಿದರು, ಇದರ ಮೇಲೆ ನಡೆಯುತ್ತದೆ. ಇಲ್ಲೂ ನಮ್ಮ ಬಲ ಸಣ್ಣದು. 1956ರ ತನಕ ಕೊಡಗು ಪ್ರತ್ಯೇಕ ರಾಜ್ಯ, 24 ಜನರ ವಿಧಾನಸಭೆ ಇಲ್ಲೇ ಇತ್ತು. ಕ್ಷೇತ್ರ ಪುನರ್ವಿಂಗಡಣೆ ಆಗಿ 2008ರಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಯಿತು. ಈಗ 224ರಲ್ಲಿ ನಮ್ಮವರು ಇಬ್ಬರೇ.

ಪತ್ರದ ಹಣಕ್ಕೆ ಇನ್ನೊಂದು ಗುಣ ಇದೆ. ಅದು ಭೂಮಿಪೂಜೆ ಬಯಸುತ್ತದೆ. ಹೊಸ ರಸ್ತೆಗೆ ಗುದ್ದಲಿ ಹಿಡಿದು ಫೋಟೊ ತೆಗೆಸಿಕೊಳ್ಳಬಹುದು. ಹಳೇ ಮೋರಿಯ ಹೂಳು ತೆಗೆಸಿದ್ದಕ್ಕೆ ಯಾರು ಹಾರ ಹಾಕುತ್ತಾರೆ? ನಿರ್ವಹಣೆಗೆ ಹಣ ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣ. ಕಾಲವೂ ಕೈಕೊಡುತ್ತದೆ. ಇಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಕೆಲಸ ಆಗುವುದಿಲ್ಲ. ಹಣಕಾಸು ವರ್ಷ ಮಾರ್ಚಿಗೆ ಮುಗಿಯುತ್ತದೆ. ಮಂಜೂರಾತಿ, ಟೆಂಡರು, ನಡುವೆ ಯಾವುದಾದರೂ ಚುನಾವಣೆಯ ನೀತಿ ಸಂಹಿತೆ, ಇವೆಲ್ಲ ಕಳೆದು ಫೆಬ್ರುವರಿಯಲ್ಲಿ ಹಣ ಬಂದರೆ ಗುತ್ತಿಗೆದಾರ ಓಡುತ್ತಾ ಕೆಲಸ ಮಾಡುತ್ತಾನೆ. ಆ ಓಟದಲ್ಲಿ ಮೊದಲು ಬಿಟ್ಟುಹೋಗುವುದು ಚರಂಡಿ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟ ಜಾರಿದ ಮೇಲೆ ಎಲ್ಲ ಕಡೆಯಿಂದ ಹಣ ಬಂತು. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆಗಳು ಎದ್ದವು. ಒಳ್ಳೆಯದೇ. ಆದರೆ ದುರಂತ ಆದ ಮೇಲೆ ಸಿಗುವ ಹಣ ದುರಂತ ತಡೆಯುವುದಕ್ಕೆ ಮೊದಲೇ ಸಿಗುವುದಿಲ್ಲ.

ಇಂಥ ಕೆಲಸಕ್ಕೇ ಅಲ್ಲವೇ ಜಿಲ್ಲಾ ಪಂಚಾಯಿತಿ ಇರುವುದು? ನಜೀರ್ ಸಾಬ್ ಅವರು ರಾಜ್ಯದ ಪಂಚಾಯತ್‌ರಾಜ್ ಮಂತ್ರಿಯಾಗಿದ್ದಾಗ 1983ರ ಪಂಚಾಯಿತಿ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ಆಯಿತು. ಜಿಲ್ಲಾ ಪಂಚಾಯಿತಿಗೆ ಆಗ ಜಿಲ್ಲಾ ಪರಿಷತ್ತು ಅನ್ನುತ್ತಿದ್ದರು, ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಮುಂದೆ 1993ರ ಕಾಯ್ದೆ, ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿಯ ಬಲದೊಂದಿಗೆ ಬಂತು. ಇನ್ನು ಹಾಗಾಗದು ಅಂದುಕೊಂಡೆವು. 2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಚುನಾಯಿತರಿಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನವೂ ಇಲ್ಲ. ನಮ್ಮ ಪಾಲಿನದ್ದೇ ಹಣ, ಸುಮ್ನೆ ಕಳೆದುಕೊಂಡೆವು.

ಯಾವ ಸರ್ಕಾರಕ್ಕೂ ಇದರ ಅವಸರ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವೇನಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಶಾಸಕರಿಗೆ ನಾಳೆಯ ಪ್ರತಿಸ್ಪರ್ಧಿ. ಎರಡು ಗ್ರಾಮ ಪಂಚಾಯಿತಿಗಳ ಗಡಿಯಲ್ಲಿ ಬರೆ ಕುಸಿದರೆ, ಎರಡಕ್ಕೂ ಅದು ಮೀರಿದ ಖರ್ಚು. ಆ ಅರ್ಜಿಯನ್ನು ಎತ್ತಿಕೊಳ್ಳಬೇಕಾದ ಸದಸ್ಯನ ಕುರ್ಚಿ ಖಾಲಿ. ಜನ ಅರ್ಜಿ ಹಿಡಿದು ಹೋಗುವುದು ಮತ್ತೆ ಶಾಸಕರ ಮನೆಗೇ.

ನಮಸ್ಕಾರ.