ನೂರು ವರ್ಷದ ಕೋಲು, ನಾಲ್ಕು ಜನ ಗೆಳೆಯರು: ಹಿಕರಿ ಗಾಲ್ಫ್ ಆಡಲು ಹೋದ ಕಥೆ

[ದೃಶ್ಯ: ಮೇಜಿನ ಮೇಲೆ ಎರಡು ಗಾಲ್ಫ್ ಕ್ಲಬ್]

ನಮಸ್ಕಾರ. ಎಡಗಡೆಯ ಕ್ಲಬ್ ಇವತ್ತಿನದು, ಸ್ಟೀಲ್ ಶಾಫ್ಟ್. ಬಲಗಡೆಯದಕ್ಕೆ ಹಿಕರಿ ಮರದ ಕಾವು. ಹಿಕರಿ ಅಮೆರಿಕದ ಗಟ್ಟಿ ಮರ. ಅಲ್ಲಿ ಕೊಡಲಿ, ಸುತ್ತಿಗೆಗೆ ಕಾವು ಹಾಕುವುದೂ ಇದರಲ್ಲೇ.

ಈಗ ಒಂದು ಸಣ್ಣ ಪರೀಕ್ಷೆ. ಎಡಗೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೇನೆ. ಬಲಗೈಯಲ್ಲಿ ಕ್ಲಬ್‌ನ ತಲೆಯನ್ನು ತಿರುಚುತ್ತೇನೆ. ಸ್ಟೀಲ್ ಹೆಚ್ಚುಕಮ್ಮಿ ಅಲುಗಲೇ ಇಲ್ಲ. ಈಗ ಮರದ್ದು. ನೋಡಿದಿರಾ? ಒಂಚೂರು ತಿರುಗಿತು. ನಾವು ನಾಲ್ಕು ಜನ ಬೆಂಗಳೂರಿನಿಂದ ಸ್ಕಾಟ್ಲೆಂಡ್ ತನಕ ಹೋಗಿ ಒದ್ದಾಡಿದ್ದು ಈ ಒಂಚೂರಿನ ಜೊತೆಗೇ.

[ದೃಶ್ಯ: ಕ್ಲಬ್‌ನ ತಲೆ, ಹತ್ತಿರದಿಂದ]

ಕ್ಲಬ್‌ನ ತಲೆ ಕಾವಿನ ನೇರಕ್ಕೆ ಇರುವುದಿಲ್ಲ, ಪಕ್ಕಕ್ಕೆ ಚಾಚಿರುತ್ತದೆ. ಜೋರಾಗಿ ಬೀಸಿದರೆ ಕೈ ಮುಂದೆ ಬರುತ್ತದೆ, ತಲೆ ಹಿಂದೆ ಉಳಿಯುತ್ತದೆ, ನಡುವಿನ ಮರ ತಿರುಚಿಕೊಳ್ಳುತ್ತದೆ. ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್‌ನ ಮುಖ ಇನ್ನೂ ನೇರವಾಗಿರುವುದಿಲ್ಲ. ಬಲಗೈಯವರಾದರೆ ಚೆಂಡು ಸೀದಾ ಬಲಕ್ಕೆ. ನಿಧಾನವಾಗಿ, ಒಂದೇ ಲಯದಲ್ಲಿ ಬೀಸಿದರೆ ಮಾತ್ರ ತಲೆ ಕೈಯ ಜೊತೆಗೆ ಬಂದು ಸೇರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಿಕರಿ ಅದನ್ನು ಪ್ರತಿ ಹೊಡೆತಕ್ಕೂ ತೋರಿಸುತ್ತದೆ.

ಹಾಗಂತ ಇದು ಆಟಿಕೆ ಅಲ್ಲ. ಅಮೆರಿಕದ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ಬ್ರಿಟನ್ ಮತ್ತು ಅಮೆರಿಕದ ಓಪನ್ (ಎಲ್ಲರಿಗೂ ತೆರೆದ ಪಂದ್ಯ), ಅಮೆಚೂರ್ (ಹವ್ಯಾಸಿಗಳ ಪಂದ್ಯ), ನಾಲ್ಕನ್ನೂ ಗೆದ್ದದ್ದು ಹಿಕರಿ ಕ್ಲಬ್ ಹಿಡಿದೇ. ಅಷ್ಟೊತ್ತಿಗೆ ಸ್ಟೀಲ್‌ಗೆ ಅನುಮತಿ ಸಿಕ್ಕಾಗಿತ್ತು. ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ. ಮುಂದಿನ ವರ್ಷ, ಅಂದರೆ 1931ರಲ್ಲಿ, ಬಿಲ್ಲಿ ಬರ್ಕ್ ಸ್ಟೀಲ್ ಶಾಫ್ಟ್‌ನಲ್ಲಿ ಅಮೆರಿಕದ ಓಪನ್ ಗೆದ್ದ. ಅಲ್ಲಿಂದ ಮರದ ಕ್ಲಬ್‌ಗಳು ಅಟ್ಟ ಸೇರಿದವು. 1876ರಲ್ಲಿ ಶುರುವಾದ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್‌ನಲ್ಲೂ ಮೊದಲ ಐವತ್ತು ವರ್ಷ ಹೊಡೆದಿದ್ದು ಮರದಲ್ಲೇ. ಬೇರೆ ಏನಿತ್ತು?

[ದೃಶ್ಯ: ರೈಲಿನ ಕಿಟಕಿ, ಹೊರಗೆ ಸಣ್ಣ ಮಳೆ]

ನಾವು ಹೋದ ಊರು ಮಸಲ್‌ಬರ. ಇಂಗ್ಲಿಷ್‌ನಲ್ಲಿ ಬರೆಯುವುದು 'ಬರ್ಗ್', ಹೇಳುವುದು 'ಬರ'. ಎಡಿನ್‌ಬರದಿಂದ ರೈಲು ಹತ್ತಿ ಸೀಟು ಹುಡುಕಿ ಕೂತೆವು ಅನ್ನುವಷ್ಟರಲ್ಲಿ ಇಳಿಯುವ ಸ್ಟೇಷನ್. ಅಲ್ಲಿನ ಓಲ್ಡ್ ಲಿಂಕ್ಸ್ ಅನ್ನುವ ಗಾಲ್ಫ್ ಮೈದಾನದಲ್ಲಿ 1672ರಲ್ಲಿ ಗಾಲ್ಫ್ ಆಡಿದ್ದಕ್ಕೆ ಲಿಖಿತ ದಾಖಲೆ ಇದೆ. 1874ರಿಂದ 1889ರವರೆಗೆ ಆರು ಸಲ ಓಪನ್ ಚಾಂಪಿಯನ್‌ಶಿಪ್ ಇಲ್ಲೇ ನಡೆದಿತ್ತು. ಈಗ ನೋಡಿದರೆ ಒಂಬತ್ತೇ ಹೋಲ್ (ಚೆಂಡು ಬೀಳಿಸುವ ಗುಳಿ), ಅದೂ ಕುದುರೆ ರೇಸ್ ಟ್ರ್ಯಾಕ್ ಒಳಗೆ! ರೇಸ್ ಇದ್ದ ದಿನ ಆಟ ಇಲ್ಲ. ದಿನಾಂಕ ನೋಡಿಕೊಂಡೇ ಟಿಕೆಟ್ ಮಾಡಿ.

ಗಾಲ್ಫ್‌ನ ತವರೂರು ಅನ್ನಿಸಿಕೊಂಡ ಸೇಂಟ್ ಆಂಡ್ರೂಸ್ ಬಿಟ್ಟು ಇಲ್ಲಿಗ್ಯಾಕೆ ಅಂತ ನಮ್ಮಲ್ಲೂ ಜಗಳ ಆಯಿತು. ಅಲ್ಲಿನ ಓಲ್ಡ್ ಕೋರ್ಸ್‌ಗೆ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, ಕೇಳುತ್ತಾರೆ, ಭಾನುವಾರ ಆಟ ಬಂದ್. ನಾಲ್ವರಲ್ಲಿ ಇಬ್ಬರು ವರ್ಷಕ್ಕೆರಡು ಸಲ ಆಡುವವರು. ನನ್ನ ಪ್ರಕಾರ ಹೊಸಬರಿರುವ ಗುಂಪಿಗೆ ಮಸಲ್‌ಬರವೇ ಸರಿ. ಹಿಕರಿ ಸೆಟ್ ಅಲ್ಲೇ ಬಾಡಿಗೆಗೆ ಕೊಡುತ್ತಾರೆ, ಆದರೂ ಹೊರಡುವ ಮೊದಲು ಒಂದು ಸಲ ಕೇಳಿಕೊಳ್ಳಿ.

ಬಾಡಿಗೆ ಚೀಲ ಎತ್ತಿದರೆ ಹಗುರ, ಸಂತೆ ಚೀಲದ ಹಾಗೆ. ಒಳಗೆ ಆರೇಳು ಕ್ಲಬ್. ಅವಕ್ಕೆ ನಂಬರ್ ಇಲ್ಲ, ಹೆಸರಿದೆ. ತಳಕ್ಕೆ ಹಿತ್ತಾಳೆ ತಗಡು ಹೊಡೆದಿದ್ದರೆ ಬ್ರಾಸಿ. ಮ್ಯಾಶಿ ಅಂದರೆ ಹತ್ತಿರ ಹತ್ತಿರ ಈಗಿನ 5 ಐರನ್ (ಲೋಹದ ತಲೆಯ ಕ್ಲಬ್). ನಿಬ್ಲಿಕ್ ಅಂದರೆ 9 ಐರನ್. ಆ ಕಾಲದಲ್ಲಿ ಕಮ್ಮಾರ ಒಂದೊಂದಾಗಿ ಬಡಿದು ಮಾಡಿದ್ದು, ಹಾಗಾಗಿ ಒಬ್ಬರ ಮ್ಯಾಶಿ ಇನ್ನೊಬ್ಬರ ಮ್ಯಾಶಿಯಂತೆ ಇರುವುದಿಲ್ಲ. ಹಿಡಿಗೆ ಸುತ್ತಿದ ಚರ್ಮ ಮಳೆಯಲ್ಲಿ ನೆನೆದರೆ ಜಾರುತ್ತದೆ. ಒಣ ಬಟ್ಟೆ ಜೇಬಿನಲ್ಲಿರಲಿ. ಚೆಂಡು ಮೆತ್ತನೆಯದೇ ತೆಗೆದುಕೊಳ್ಳಿ. ಗಟ್ಟಿ ಚೆಂಡು ಹೊಡೆದರೆ ಹಳೆಯ ಮರ ಸೀಳಬಹುದು, ನಿಮ್ಮ ಕೈಯಂತೂ ಜುಮ್ ಅನ್ನುತ್ತದೆ.

[ದೃಶ್ಯ: ಮೊದಲ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ]

ನಮ್ಮ ಗುಂಪಿನ ಚಾಂಪಿಯನ್ ಮೊದಲು ಹೊಡೆದ. ಊರಲ್ಲಿ ವಾರಕ್ಕೆ ಮೂರು ದಿನ ಆಡುವವನು. ಬೀಸಿದ ರಭಸಕ್ಕೆ ಚೆಂಡು ಬಲಕ್ಕೆ ತಿರುಗಿ, ರೇಲಿಂಗ್ ದಾಟಿ, ಕುದುರೆ ಓಡುವ ಹುಲ್ಲಿಗೆ ಬಿತ್ತು. ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಅವನು ಕ್ಲಬ್ಬನ್ನೇ ದುರುಗುಟ್ಟಿ ನೋಡುತ್ತಾ ನಿಂತ.

ಆಮೇಲೆ ಸೋಮಾರಿ ನಂಬರ್ ಒನ್ ಬಂದ. ಅವನು ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದ್ದು ನಾನು ನೋಡಿಲ್ಲ. ಕೋಲನ್ನು ಮೆಲ್ಲಗೆ ಹಿಂದಕ್ಕೆ ಒಯ್ದ, ಅಷ್ಟೇ ಮೆಲ್ಲಗೆ ಮುಂದಕ್ಕೆ ಬಿಟ್ಟ. 'ಟಕ್' ಅಂತ ಒಂದು ಮರದ ಸದ್ದು. ಸ್ಟೀಲ್‌ನಲ್ಲಿ ಆ ಸದ್ದು ಬರುವುದಿಲ್ಲ. ಚೆಂಡು ಜಾಸ್ತಿ ದೂರ ಹೋಗಲಿಲ್ಲ, ಆದರೆ ನೇರ ಹೋಯಿತು.

"ಮಗಾ, ಹೊಡಿಬೇಡ. ತೊಟ್ಟಿಲು ತೂಗು" ಅಂದ.

ಚಾಂಪಿಯನ್‌ಗೆ ಉರಿದು ಹೋಯಿತು. ಆದರೆ ಮೂರನೇ ಹೋಲ್ ಹೊತ್ತಿಗೆ ಅವನೂ ತೂಗುತ್ತಿದ್ದ.

ನಾಲ್ಕನೇ ಹೋಲ್‌ಗೆ ಮಿಸೆಸ್ ಫೋರ್‌ಮನ್ಸ್ ಅಂತ ಹೆಸರು. ಹಿಂದೆ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಪಕ್ಕದಲ್ಲೇ ಆಕೆಯ ಹೋಟೆಲು ಇತ್ತು. ಗೋಡೆಯಲ್ಲಿ ಒಂದು ಕಿಂಡಿ. ಆಟಗಾರರು ಅದರ ಮುಂದೆ ನಿಂತು ಕುಡಿಯಲು ಇಸಿದುಕೊಂಡು ಮುಂದಿನ ಹೋಲ್‌ಗೆ ನಡೆಯುತ್ತಿದ್ದರು. ನಮ್ಮ ಹತ್ತಿರ ಇದ್ದದ್ದು ಫ್ಲಾಸ್ಕ್‌ನಲ್ಲಿ ತಂದ ಕಾಫಿ ಮತ್ತು ಕೋಡುಬಳೆ. ಆ ಗಾಳಿಗೆ ಅದೂ ಸ್ವರ್ಗವೇ, ಬಿಡಿ.

ಕೊನೆಗೆ ಗೆದ್ದವನು ಸೋಮಾರಿ, ಎರಡು ಹೋಲ್ ಅಂತರದಿಂದ. ಎಡಿನ್‌ಬರದ ಹಳೆ ಸಾಮಾನಿನ ಅಂಗಡಿಯಲ್ಲಿ ಅವನು ಒಂದು ಮ್ಯಾಶಿ ಕೊಂಡ. ಹಿಂಬದಿಯಲ್ಲಿ ಪುಟ್ಟ ತಂಬಾಕು ಪೈಪಿನ ಗುರುತು. ಅದು ಸೇಂಟ್ ಆಂಡ್ರೂಸ್‌ನ ಕ್ಲಬ್ ತಯಾರಕ ಟಾಮ್ ಸ್ಟೀವರ್ಟ್‌ನ ಮುದ್ರೆ, ಕೊಳ್ಳುವವರು ಮೊದಲು ಹುಡುಕುವುದೇ ಅದನ್ನು. ವಿಮಾನದ ಕ್ಯಾಬಿನ್‌ಗೆ ಗಾಲ್ಫ್ ಕ್ಲಬ್ ಬಿಡುವುದಿಲ್ಲ. ಅದಕ್ಕೇ ಪಂಚೆಯಲ್ಲಿ ಸುತ್ತಿ, ಗಟ್ಟಿ ಪೆಟ್ಟಿಗೆಗೆ ಹಾಕಿ ಚೆಕ್-ಇನ್ ಮಾಡಿದೆವು. ಮನೆಗೆ ಬಂದಮೇಲೆ ಕಾವಿಗೆ ಅಗಸೆ ಎಣ್ಣೆ ಸವರಿ ಒಣಗಲು ಇಟ್ಟ.

ಅವನಮ್ಮ ಅದನ್ನು ಎತ್ತಿ ನೋಡಿ, "ಅಷ್ಟು ದೂರ ಹೋಗಿ ತುಕ್ಕು ಹಿಡಿದ ಕೊಕ್ಕೆ ತಂದಿದ್ದೀಯಲ್ಲೋ" ಅಂದರು.