ಮಾತ್ರೆ ಮಾತ್ರ ಸಾಲದು, ಲೈನ್‌ಮನೆಗೆ ಬೇಳೆಯೂ ಬೇಕು

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಕಾಫಿ ತೋಟಗಳ ಲೈನ್‌ಮನೆ, ಅಂದರೆ ಕಾರ್ಮಿಕರ ಸಾಲುಮನೆಗಳ ಊಟದ ಬಗ್ಗೆ ಮಾತಾಡಬೇಕು. ಜೊತೆಗೆ ಅಲ್ಲಿನ ಮಕ್ಕಳ ಹೊಟ್ಟೆಹುಳದ ಬಗ್ಗೆಯೂ. ಹುಳಕ್ಕೆ ಮಾತ್ರೆ ಇದೆ, ಹಸಿವಿಗೆ ರೇಷನ್ ಅಕ್ಕಿ ಇದೆ, ಇನ್ನೇನು ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬೇಕು. ಬೇಳೆ ಬೇಕು, ಮೊಟ್ಟೆ ಬೇಕು.

ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 2015ರಲ್ಲಿ ಶುರುವಾದ ಕಾರ್ಯಕ್ರಮ, 1ರಿಂದ 19 ವರ್ಷದವರಿಗೆ. ಒಳ್ಳೆಯ ಕೆಲಸ, ಯಾರೂ ತಪ್ಪಿಸಬಾರದು. ಆದರೆ ಆ ಮಾತ್ರೆ ಕೊಲ್ಲುವುದು ಈಗ ಕರುಳಿನಲ್ಲಿರುವ ಹುಳವನ್ನು. ಮುಂದಿನ ತಿಂಗಳು ಒಳಗೆ ಬರುವ ಹುಳವನ್ನು ಅದು ತಡೆಯುವುದಿಲ್ಲ. ಅದನ್ನು ಮೈಯೇ ಎದುರಿಸಬೇಕು.

ಮತ್ತೆ ಬಂದೇ ಬರುತ್ತದೆ, ಅದರಲ್ಲೂ ಕೊಕ್ಕೆಹುಳ. ಅದರ ಮರಿಗೆ ಬೇಕಾದ್ದು ನೆರಳು, ಬಿಸುಪು, ತೇವದ ಸಡಿಲ ಮಣ್ಣು. ಮಳೆಗಾಲದ ಕಾಫಿ ತೋಟದಲ್ಲಿ ಇದೆಲ್ಲ ಇದೆ ಅಲ್ವಾ? ಬಯಲಿಗೆ ಹೋದವರ ಮಲದಿಂದ ಹುಳದ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಮರಿ ಬರಿಗಾಲಿನ ಚರ್ಮ ತೂರಿ ರಕ್ತಕ್ಕೆ ಸೇರುತ್ತದೆ, ಶ್ವಾಸಕೋಶಕ್ಕೆ ಹೋಗುತ್ತದೆ, ಗಂಟಲಿಗೆ ಬಂದು ನುಂಗಿದಾಗ ಕರುಳು ತಲುಪುತ್ತದೆ. ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ.

ಇಷ್ಟು ದೊಡ್ಡ ಹುಳವನ್ನು ಬಿಳಿ ರಕ್ತಕಣ ನುಂಗಲಾರದು. ಹಾಗಾಗಿ ಮೈ ಅದನ್ನು ಹೊರಗೆ ದಬ್ಬಲು ನೋಡುತ್ತದೆ. ಕರುಳು ಲೋಳೆ ಜಾಸ್ತಿ ಸುರಿಸುತ್ತದೆ, ಜೋರಾಗಿ ಹಿಂಡುತ್ತದೆ, ಒಳಪದರದ ಕೋಶಗಳನ್ನು ಬೇಗ ಬೇಗ ಬದಲಿಸುತ್ತದೆ. ಇಯೊಸಿನೊಫಿಲ್ ಎಂಬ ರಕ್ತಕಣಗಳೂ ಐಜಿಇ ಎಂಬ ಪ್ರತಿಕಾಯವೂ ಕೆಲಸಕ್ಕೆ ಇಳಿಯುತ್ತವೆ. ಇವನ್ನೆಲ್ಲ ಎಬ್ಬಿಸುವ ಸಂದೇಶ ಇಂಟರ್‌ಲ್ಯೂಕಿನ್-4ರಂಥ ವಸ್ತುಗಳಿಂದ ಬರುತ್ತದೆ. ಆ ಸಂದೇಶವೂ ಪ್ರೋಟೀನ್, ಪ್ರತಿಕಾಯವೂ ಪ್ರೋಟೀನ್, ಹೊಸ ಕೋಶ ಕಟ್ಟುವುದಕ್ಕೂ ಪ್ರೋಟೀನ್ ಬೇಕು. ಊಟದಲ್ಲಿ ಅದೇ ಇಲ್ಲದಿದ್ದರೆ ಮೈ ಯಾವುದರಿಂದ ಹೋರಾಡಬೇಕು?

ಇಲಿಗಳ ಮೇಲೆ ಇದನ್ನು ನೇರವಾಗಿ ಪರೀಕ್ಷಿಸಿದ್ದಾರೆ. ಪ್ರೋಟೀನ್ ಕಡಿಮೆ ಇರುವ ಆಹಾರ ತಿಂದ ಇಲಿಗಳಲ್ಲಿ ಇಂಟರ್‌ಲ್ಯೂಕಿನ್-4, ಐಜಿಇ, ಇಯೊಸಿನೊಫಿಲ್ ಎಲ್ಲ ಕುಗ್ಗಿದವು. ಹುಳ ಹೆಚ್ಚು ದಿನ ಉಳಿಯಿತು. ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ ಇದ್ದಾಗ ಥೈಮಸ್ ಗ್ರಂಥಿಯೇ ಸಣ್ಣದಾಗುತ್ತದೆ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಪಳಗುವ ಜಾಗ ಅದು. ಇತ್ತ ಹುಳ ಹೀರುವ ರಕ್ತದ ಜೊತೆ ಪ್ರೋಟೀನೂ ಹೋಗುತ್ತದೆ. ಸೋರುವ ಕೊಡಕ್ಕೆ ಚೊಂಬಿನಲ್ಲಿ ನೀರು ಹಾಕಿದ ಹಾಗೆ.

ಈಗ ಜುಲೈ ತಿಂಗಳ ಲೈನ್‌ಮನೆ ತಟ್ಟೆ ನೋಡಿ. ಅನ್ನ, ತೆಳ್ಳಗಿನ ಸಾರು, ಗಾಂಧಾರಿ ಮೆಣಸಿನ ಚಟ್ನಿ. ಆಗೊಮ್ಮೆ ಈಗೊಮ್ಮೆ ಒಣಮೀನು. ಜಡಿಮಳೆಯಲ್ಲಿ ಕೆಲಸ ಕಡಿಮೆ, ಕೂಲಿಯೂ ಕಡಿಮೆ. ಇಲ್ಲಿನ ಆದಿವಾಸಿಗಳಾದ ಎರವರ ಮನೆಗಳಲ್ಲಿ ಗದ್ದೆಯ ಏಡಿ, ಹೊಳೆಮೀನು ತಿನ್ನುವುದಿತ್ತು. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಏಡಿ ಎಲ್ಲಿಂದ ಬರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ಮೈತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 45 ಕೆಜಿ ತೂಗುವ ಹೆಂಗಸಿಗೆ ಸುಮಾರು 37 ಗ್ರಾಂ. ಅಕ್ಕಿಯಲ್ಲೂ ಪ್ರೋಟೀನ್ ಇದೆ, ಆದರೆ ಲೈಸಿನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ಬೇಳೆ, ಹುರುಳಿ, ಕಡಲೆ ತುಂಬುತ್ತವೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಮಕ್ಕಳಿಗೆ ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು ವಿರೋಧಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಬೇಡದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡಲಿ, ತಿನ್ನುವವರ ತಟ್ಟೆಯಿಂದ ಕಿತ್ತುಕೊಳ್ಳಬಾರದು.

ಶೌಚಾಲಯ, ಚಪ್ಪಲಿ ಬೇಕೇ ಬೇಕು. ದೊಡ್ಡ ತೋಟದ ಮಾಲೀಕರು ಕಾರ್ಮಿಕರಿಗೆ ಶೌಚಾಲಯ, ಕುಡಿಯುವ ನೀರು ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾಯ್ದೆಯೇ ಹೇಳಿತ್ತು.

ಆದಿವಾಸಿ ಕುಟುಂಬಗಳಿಗೆ ಸರ್ಕಾರದ ಪೌಷ್ಟಿಕ ಆಹಾರದ ಕಿಟ್ ಇದೆ. ಅಸ್ಸಾಂನಿಂದ ಬಂದು ನಮ್ಮ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಅದು ಸಿಗುವುದಿಲ್ಲ. ಅವರೂ ಅದೇ ಮಣ್ಣಿನಲ್ಲಿ ಬರಿಗಾಲಲ್ಲಿ ಆಡುತ್ತಾರೆ. ಕಾಫಿಗೆ ಒಳ್ಳೆಯ ರೇಟು ಕಂಡ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್‌ನ ಪ್ರತಿ ಮನೆಗೂ ಬೇಳೆ, ಮೊಟ್ಟೆ ಕೊಡಿ. ಕೂಲಿಯಲ್ಲಿ ಹಿಡಿಯಬೇಡಿ.